ಆಂಗ್ಲಿಕನ್ನರು ಕ್ಯಾಥೊಲಿಕ್ಕರಾ, ಪ್ರೊಟೆಸ್ಟೆಂಟರಾ?

ಇಂಗ್ಲೆಂಡ್‌ನ ಸಭೆಯಿಂದ (ಚರ್ಚ್ ಆಫ್ ಇಂಗ್ಲೆಂಡ್) ಬೆಳೆದ ಆಂಗ್ಲಿಕನ್ ಪಂಥದಲ್ಲಿ ಬಿಷಪ್, ನಿಲುವಂಗಿ, ಧೂಪ ಎಲ್ಲ ಇದ್ದೂ ಪೋಪ್ ಮಾತ್ರ ಇಲ್ಲ, ಹಾಗಾದರೆ ಇವರು ಯಾವ ಕಡೆಯವರು ಅಂತ ಕೇಳಿದ್ದೀರಿ. ‘ಎರಡರ ನಡುವಿನ ದಾರಿ’ ಅನ್ನೋ ಸಿದ್ಧ ಉತ್ತರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸಭೆಯ ಆಡಳಿತ ಕ್ಯಾಥೊಲಿಕ್ ಮಾದರಿಯದು, ಬರೆದಿಟ್ಟ ಸಿದ್ಧಾಂತ ಬಹುಮಟ್ಟಿಗೆ ಸುಧಾರಣಾವಾದಿಗಳದು, ಅಂದರೆ 16ನೇ ಶತಮಾನದಲ್ಲಿ ರೋಮ್‌ನಿಂದ ಬೇರೆಯಾದ ಪ್ರೊಟೆಸ್ಟೆಂಟರದು.

ಇಂಗ್ಲೆಂಡ್ ದೊರೆ ಎಂಟನೇ ಹೆನ್ರಿಯ ಮದುವೆ ರದ್ದು ಮಾಡಲು ಪೋಪ್ ಒಪ್ಪದ ಕತೆಗೇ ಜನ ನಿಂತುಬಿಡ್ತಾರೆ. ಆದರೆ 1534ರಲ್ಲಿ ಬದಲಾದದ್ದು ಮುಖ್ಯವಾಗಿ ಯಜಮಾನಿಕೆ: ಸಭೆಗೆ ಪೋಪ್ ಬದಲು ದೊರೆಯೇ ಮುಖ್ಯಸ್ಥನಾದ. ನಂಬಿಕೆಯ ಜಗಳ ಆಮೇಲಿನದು, ಅದು ಪ್ರಭುಭೋಜನದ, ಅಂದರೆ ರೊಟ್ಟಿ-ದ್ರಾಕ್ಷಾರಸ ಹಂಚುವ ಆರಾಧನೆಯ, ಮಾತುಗಳಲ್ಲೇ ಕಾಣುತ್ತೆ. 1549ರ ಪ್ರಾರ್ಥನಾ ಪುಸ್ತಕದಲ್ಲಿ ರೊಟ್ಟಿ ಕೊಡುವಾಗ, ನಿನಗಾಗಿ ಅರ್ಪಿತವಾದ ಕರ್ತನ ದೇಹ ನಿನ್ನ ದೇಹಾತ್ಮಗಳನ್ನು ಕಾಯಲಿ ಅನ್ನೋ ಅರ್ಥದ ಮಾತಿತ್ತು. 1552ರಲ್ಲಿ ಅದನ್ನು ತೆಗೆದು, ಕ್ರಿಸ್ತ ನಿನಗಾಗಿ ಸತ್ತದ್ದನ್ನು ನೆನೆದು ಇದನ್ನು ತಿನ್ನು ಅಂತ ಹಾಕಿದರು. ಮೊದಲನೆಯದು ರೊಟ್ಟಿಯಲ್ಲಿ ಕ್ರಿಸ್ತನ ದೇಹವೇ ಇದೆ ಅನ್ನುವಂತಿತ್ತು, ಎರಡನೆಯದು ಇದು ನೆನಪಷ್ಟೇ ಅನ್ನುವಂತೆ. 1559ರಲ್ಲಿ, ಎಲಿಜಬೆತ್ ರಾಣಿಯ ಕಾಲದಲ್ಲಿ, ಎರಡನ್ನೂ ಒಂದರ ಹಿಂದೊಂದು ಸೇರಿಸಿಬಿಟ್ಟರು! ಜಾಣತನವೋ ಜಾರಿಕೆಯೋ, ನೀವೇ ಹೇಳಿ.

ಹಾಗಂತ ಏನು ಬೇಕಾದರೂ ನಂಬಬಹುದು ಅಂತಲ್ಲ. ಈ ಸಭೆಯ ಸಿದ್ಧಾಂತದ ಪಟ್ಟಿಯಾದ 1571ರ 39 ವಿಧಿಗಳು, ರೊಟ್ಟಿ-ದ್ರಾಕ್ಷಾರಸದ ಸತ್ವವೇ ಕ್ರಿಸ್ತನ ದೇಹ-ರಕ್ತವಾಗಿ ಬದಲಾಗುತ್ತೆ ಅನ್ನೋ ಕ್ಯಾಥೊಲಿಕ್ ನಂಬಿಕೆಯನ್ನು ತಳ್ಳಿಹಾಕುತ್ತವೆ. ದೇವರ ಮುಂದೆ ಮನುಷ್ಯ ನೀತಿವಂತ ಅನ್ನಿಸಿಕೊಳ್ಳೋದು ನಂಬಿಕೆಯೊಂದರಿಂದಲೇ ಅನ್ನುತ್ತವೆ.

ನೀವು ಕಂಡ ಧೂಪ ಹೆಚ್ಚಾಗಿ ಸಭೆಯ ಹಳೆಯ ಕ್ಯಾಥೊಲಿಕ್ ಪರಂಪರೆಯನ್ನು ಎತ್ತಿಹಿಡಿದ 19ನೇ ಶತಮಾನದ ಆಕ್ಸ್‌ಫರ್ಡ್ ಚಳವಳಿಯ ನಂತರ ಮರಳಿ ಬಂದದ್ದು. ಅಷ್ಟಾದರೂ ರೋಮ್ ಕರಗಲಿಲ್ಲ: 1896ರಲ್ಲಿ ಹದಿಮೂರನೇ ಲಿಯೋ ಪೋಪ್, ಆಂಗ್ಲಿಕನ್ ಪಾದ್ರಿಗಳ ದೀಕ್ಷೆಯೇ ಅಸಿಂಧು ಅಂದರು.