ಗೊಕುವಿನ ಕಂಠ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಜಪಾನಿನ ಕಂಠದಾನ ಕಲಾವಿದೆ ಮಸಾಕೊ ನೊಜಾವಾ ಅವರನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ‘ಡ್ರ್ಯಾಗನ್ ಬಾಲ್’ ಎಂಬ ಜಪಾನಿ ಅನಿಮೇಷನ್ ಸರಣಿಯನ್ನು ಮಗನೊಂದಿಗೆ ಕುಳಿತು ಇಂಗ್ಲಿಷಿನಲ್ಲಿ ನೋಡಿ ಮೆಚ್ಚಿದ್ದ ತಮಗೆ, ಮೂಲ ಜಪಾನಿಯಲ್ಲಿ ಕಟ್ಟುಮಸ್ತಾದ ಕಥಾನಾಯಕ ಗೊಕುವಿನ ಬಾಯಿಂದ ಅಜ್ಜಿಯೊಬ್ಬರ ಕೀರಲು ದನಿ ಹೊರಟಾಗ ನಗು ತಡೆಯಲಾಗಲಿಲ್ಲ ಎಂದಿದ್ದೀರಿ. ಚಿತ್ರ ಬರೆದವರು ಬೇರೆ, ಅದಕ್ಕೆ ಚಲನೆ ಕೊಟ್ಟವರು ಬೇರೆ ಇರುವಾಗ ಮೈಕಿನ ಮುಂದೆ ನಿಂತು ಮಾತು ಒಪ್ಪಿಸಿದವರಿಗೆ ಇಷ್ಟು ಪುಟಗಳ ಹೊಗಳಿಕೆ ಏಕೆಂದೂ ಕೇಳಿದ್ದೀರಿ. ಇಷ್ಟೆಲ್ಲ ಆದ ಮೇಲೂ, ಕೇಳುವುದಾದರೆ ಎಲ್ಲಿಂದ ಆರಂಭಿಸಬೇಕೆಂದು ವಿಚಾರಿಸಿರುವುದು ತಮ್ಮ ದೊಡ್ಡತನ.

ಮೊದಲು ನಗುವಿನ ವಿಷಯ. ಇಂಗ್ಲಿಷಿನಲ್ಲಿ ಬೆಳೆದ ಗೊಕುವಿಗೆ ಗಂಡಸಿನ ಗಡಸು ಕಂಠವನ್ನು ಕೊಡಲಾಗಿದೆ. ಅದಕ್ಕೆ ಒಗ್ಗಿದ ಕಿವಿಗೆ ಮೂಲವು ವಿಚಿತ್ರವಾಗಿ ಕೇಳಿಸುವುದು ಸಹಜ. ಆದರೆ 1986ರ ಫೆಬ್ರುವರಿಯಲ್ಲಿ ಸರಣಿ ಆರಂಭವಾದಾಗ ಗೊಕು ಬಾಲವಿದ್ದ ಪುಟ್ಟ ಹುಡುಗ. ಆಗ 49 ವರ್ಷದವರಾಗಿದ್ದ ನೊಜಾವಾ ಅವರನ್ನು ಧ್ವನಿಪರೀಕ್ಷೆಯಲ್ಲಿ ಕೇಳಿ ಆರಿಸಿದವರು ಕಥೆಯ ಕರ್ತೃ ಅಕಿರಾ ತೊರಿಯಾಮಾ ಅವರೇ. ಹುಡುಗರ ಪಾತ್ರಕ್ಕೆ ವಯಸ್ಕ ಮಹಿಳೆಯರ ಕಂಠವನ್ನು ಬಳಸುವ ರೂಢಿ ಜಪಾನಿನಲ್ಲಿ ಹಳೆಯದು. ನಿಜವಾದ ಹುಡುಗನನ್ನು ತಂದರೆ ಕೆಲವೇ ವರ್ಷಗಳಲ್ಲಿ ಅವನ ದನಿ ಒಡೆಯುತ್ತದೆ, ಸರಣಿಯಾದರೋ ದಶಕಗಟ್ಟಲೆ ನಡೆಯುತ್ತದೆ. ಯಕ್ಷಗಾನದ ಸ್ತ್ರೀವೇಷವನ್ನು ಕಂಡು ಕಲಾವಿದರು ಗಂಡಸಲ್ಲವೇ ಎಂದು ನಾವು ಯಾರೂ ಆಕ್ಷೇಪಿಸುವುದಿಲ್ಲ; ಇಲ್ಲಿಯೂ ಅಷ್ಟು ಔದಾರ್ಯ ಸಾಕು.

ಗೊಕು ಬೆಳೆದು, ಮದುವೆಯಾಗಿ, ಮಗನನ್ನು ಪಡೆದ ಮೇಲೂ ಕಂಠ ಬದಲಾಗಲಿಲ್ಲವಲ್ಲ ಎಂದು ತಾವು ಕೇಳಬಹುದು. ನನ್ನ ದೃಷ್ಟಿಯಲ್ಲಿ ಸರಣಿಯ ಅತ್ಯಂತ ಸರಿಯಾದ ನಿರ್ಧಾರ ಅದೇ. ಕಾಡಿನಲ್ಲಿ ಸಾಕುತಾತನ ಬಳಿ ಬೆಳೆದು ಲೋಕರೂಢಿಯನ್ನು ಕಲಿಯದೇ ಹೋದ ಈ ಮನುಷ್ಯನಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ, ತನಗಿಂತ ಬಲಶಾಲಿಯಾದ ಎದುರಾಳಿ, ಅಷ್ಟೆ. ಮೈ ಬೆಳೆಯಿತು, ಒಳಗಿನ ಹುಡುಗ ಹಾಗೆಯೇ ಉಳಿದ. ಗಡಸು ಕಂಠದಲ್ಲಿ ಆತ ಲೋಕರಕ್ಷಕ ವೀರನಾಗಿಬಿಡುತ್ತಾನೆ. ನೊಜಾವಾ ಅವರ ಹಳ್ಳಿಗಾಡಿನ ಮಾತಿನ ವರಸೆಯಲ್ಲಿ, ಪ್ರಾಣಾಪಾಯದ ನಡುವೆಯೂ ಕಾದಾಟದ ಖುಷಿಯನ್ನು ಮುಚ್ಚಿಡಲಾಗದ, ಸ್ವಲ್ಪ ಭಯ ಹುಟ್ಟಿಸುವಷ್ಟು ಮುಗ್ಧನಾದ ವ್ಯಕ್ತಿಯಾಗುತ್ತಾನೆ. ನನಗೆ ಈ ಎರಡನೆಯವನೇ ಹೆಚ್ಚು ನಂಬಿಕೆಗೆ ಅರ್ಹನೆನಿಸುತ್ತಾನೆ.

ಇನ್ನು ಮಾತು ಒಪ್ಪಿಸುವ ಪ್ರಶ್ನೆ. ತೊರಿಯಾಮಾ ಅವರ ಮೂಲ ಕಾಮಿಕ್ಸ್ ಕಥೆ ವಾರಪತ್ರಿಕೆಯಲ್ಲಿ ಬರುತ್ತಿದ್ದಾಗಲೇ ಟಿ.ವಿ. ಸರಣಿಯೂ ಅದರ ಬೆನ್ನಟ್ಟಿ ಓಡುತ್ತಿತ್ತು. ಪತ್ರಿಕೆಯನ್ನು ಮೀರಿ ಮುಂದೆ ಹೋಗುವಂತಿರಲಿಲ್ಲವಾದ್ದರಿಂದ, 1989ರಿಂದ 1996ರವರೆಗೆ 291 ಕಂತುಗಳಾಗಿ ಬಂದ ಮುಂದುವರಿದ ಸರಣಿ ‘ಡ್ರ್ಯಾಗನ್ ಬಾಲ್ ಝಡ್’ನಲ್ಲಿ ಕೆಲವೇ ಪುಟಗಳ ಕಾಳಗವನ್ನು ಇಡೀ ಕಂತಿಗೆ ಎಳೆಯಬೇಕಾಗುತ್ತಿತ್ತು. ಇಬ್ಬರು ಎದುರುಬದುರು ನಿಂತೇ ಇರುತ್ತಾರೆ, ಚಿತ್ರ ಬಹುಮಟ್ಟಿಗೆ ಅಲುಗುವುದಿಲ್ಲ, ಮೋಡ ಮಾತ್ರ ಸರಿಯುತ್ತದೆ. ಆ ಖಾಲಿ ಹೊತ್ತನ್ನು ತುಂಬಿದ್ದು ಏದುಸಿರು, ಹಲ್ಲು ಕಚ್ಚಿದ ಮುಲುಕು, ಏರುತ್ತ ಹೋಗುವ ಕೂಗು. ಕಾಗದದ ಮೇಲೆ ಕೆಲವು ಅಕ್ಷರಗಳಷ್ಟೇ ಆಗಿದ್ದ ಕೂಗಿಗೆ ಆರಂಭ, ಏರಿಕೆ, ಒಡಕು ಎಲ್ಲವನ್ನೂ ಒದಗಿಸಬೇಕಾದವರು ಕಂಠದ ಕಲಾವಿದರೇ. ಜಪಾನಿನಲ್ಲಿ ಧ್ವನಿಮುದ್ರಣ ನಡೆಯುವುದು ಚಿತ್ರ ಸಿದ್ಧವಾದ ಮೇಲೆ ಎಂಬುದು ನಿಯಮವಾದರೂ, ಟಿ.ವಿ. ಸರಣಿಗಳ ಅವಸರದಲ್ಲಿ ಪರದೆಯ ಮೇಲೆ ಬರಿಯ ಗೆರೆಚಿತ್ರಗಳು ಮೂಡುವುದೂ ಉಂಟು. ಹತ್ತಾರು ಕಲಾವಿದರು ಕೆಲವೇ ಮೈಕುಗಳನ್ನು ಹಂಚಿಕೊಂಡು, ಸರದಿ ಬಂದಾಗ ಮುಂದೆ ಸರಿದು, ಹಾಳೆ ಮಗುಚುವ ಸದ್ದೂ ಆಗದಂತೆ ಮಾತು ಮುಗಿಸಿ ಹಿಂದೆ ಸರಿಯುತ್ತಾರೆ. ಇದು ಅಭಿನಯವಲ್ಲದಿದ್ದರೆ ಯಾವುದು ಅಭಿನಯವೋ ನಾನರಿಯೆ.

ನೊಜಾವಾ ಅವರದು ಅದಕ್ಕೂ ಒಂದು ಹೆಜ್ಜೆ ಮುಂದೆ. ಗೊಕು, ಅವನ ಹಿರಿಯ ಮಗ ಗೊಹಾನ್, ಕಿರಿಯವನಾದ ಗೊಟೆನ್, ಗೊಕುವಿನ ತಂದೆ ಬಾರ್ಡಾಕ್, ನಾಲ್ವರೂ ಅವರೇ. ದನಿಯ ಬಣ್ಣ ಒಂದೇ ಮನೆಯವರದೆಂಬಷ್ಟು ಹತ್ತಿರವಿದ್ದರೂ ಮಾತಿಗೆ ಮೊದಲಿನ ಉಸಿರು ಬೇರೆ. ಗೊಕು ಯೋಚಿಸದೆ ಮಾತನಾಡುತ್ತಾನೆ. ತಾಯಿ ಪುಸ್ತಕದ ಮುಂದೆ ಕೂರಿಸಿ ಬೆಳೆಸಿದ ಗೊಹಾನ್ ಅಳೆದು, ಗೌರವದಿಂದ, ಕೊಂಚ ಅಳುಕಿ ಮಾತನಾಡುತ್ತಾನೆ. ಗೊಟೆನ್‌ಗೆ ಯಾವ ಭಾರವೂ ಇಲ್ಲ. ಗಿನ್ನೆಸ್ ಸಂಸ್ಥೆ 2017ರಲ್ಲಿ, ವಿಡಿಯೋ ಗೇಮ್‌ಗಳಲ್ಲಿ 23 ವರ್ಷ 218 ದಿನ ಒಂದೇ ಪಾತ್ರಕ್ಕೆ ಕಂಠವಾದದ್ದಕ್ಕೆ ಅವರನ್ನು ದಾಖಲಿಸಿತು. ಆ ಲೆಕ್ಕಕ್ಕಿಂತ, ತಂದೆಮಕ್ಕಳ ಸಂಭಾಷಣೆಯಲ್ಲಿ ಈಗ ಯಾರು ಮಾತನಾಡಿದರೆಂಬ ಗೊಂದಲ ಎಂದೂ ಆಗದಿರುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ತಮ್ಮ ಕೋರಿಕೆಗೆ ನನ್ನ ಉತ್ತರ: ‘ಡ್ರ್ಯಾಗನ್ ಬಾಲ್ ಝಡ್’ನಲ್ಲಿ ಸೆಲ್ ಎಂಬ ಕೃತಕ ಜೀವಿಯೊಡನೆ ನಡೆಯುವ ಕಾಳಗದ ಕೊನೆಯ ಕಂತುಗಳನ್ನು ಜಪಾನಿಯಲ್ಲಿ, ಅಡಿಬರಹಗಳೊಂದಿಗೆ ನೋಡಿ. ಗೊಕು ಆಗಲೇ ಸತ್ತಿದ್ದಾನೆ, ಗೊಹಾನ್‌ನ ಒಂದು ತೋಳು ಕೈಲಾಗದಂತಾಗಿದೆ. ಸೋಲೊಪ್ಪಿಕೊಂಡ ಮಗನಿಗೆ ಪರಲೋಕದಿಂದ ತಂದೆ ಧೈರ್ಯ ಹೇಳುತ್ತಾನೆ, ಒಂದೇ ಕೈಯಿಂದ ಮಗ ಕೊನೆಯ ಅಸ್ತ್ರವನ್ನು ಹೂಡುತ್ತಾನೆ, ಬೆನ್ನ ಹಿಂದೆ ತಂದೆಯ ನೆರಳು ಮೂಡುತ್ತದೆ. ಹೇಳುವವನ ನಿಶ್ಚಿಂತೆಯೂ ಕೇಳುವವನ ಹತಾಶೆಯೂ ಒಬ್ಬರದೇ ಗಂಟಲಿನಿಂದ ಬರುತ್ತಿವೆ ಎಂಬುದನ್ನು ಮೊದಲ ಸಲ ನೋಡುವಾಗ ಮರೆತುಬಿಡಿ, ಎರಡನೆಯ ಸಲ ನೆನಪಿಟ್ಟುಕೊಂಡು ಕೇಳಿ.

ಬಿಡುವಿದ್ದರೆ ‘ಗೆಗೆಗೆ ನೊ ಕಿಟಾರೊ’ ಎಂಬ ಭೂತಗಳ ಕಥೆಯನ್ನೂ ಹುಡುಕಿಕೊಳ್ಳಿ. 1968ರ ಕಪ್ಪುಬಿಳುಪು ಸರಣಿಯಲ್ಲಿ ಹುಡುಗ ಕಿಟಾರೊನ ಕಂಠ ನೊಜಾವಾ ಅವರದು. 2018ರ ಸರಣಿಯಲ್ಲಿ ಅವರು ಅದೇ ಕಿಟಾರೊನ ತಂದೆಯಾಗಿದ್ದಾರೆ. ಕಣ್ಣುಗುಡ್ಡೆಗೆ ಕೈಕಾಲು ಬಂದಂತಿರುವ ಆ ಪುಟಾಣಿ ಮುದುಕ ಮಗನನ್ನು ಕೂಗುವ ಮೊದಲ ದೃಶ್ಯದಿಂದಲೇ ಆರಂಭಿಸಬಹುದು. ತಮ್ಮ ಮಗನಿಗೆ ಇದು ಗೊಕುವಿಗಿಂತ ಹೆಚ್ಚು ಹಿಡಿಸಿದರೆ ದಯವಿಟ್ಟು ಬರೆದು ತಿಳಿಸಿ.

— ಸಂಪಾದಕ