ಟ್ರಕ್‌ನ ಟೂ-ಸ್ಪೀಡ್ ಆಕ್ಸಲ್‌ನಲ್ಲಿ ಗೇರ್ ಬದಲಿಸುವುದು ಹೇಗೆ?

ಅಮೆರಿಕದ ಫಾರ್ಮ್ ಒಂದರಲ್ಲಿ ಹಳೆಯ ಇಂಟರ್‌ನ್ಯಾಷನಲ್ ಲೋಡ್‌ಸ್ಟಾರ್ ಟ್ರಕ್ ಕೊಟ್ಟಿದ್ದಾರೆ, ಗೇರ್ ರಾಡ್‌ನ ಕೆಂಪು ಗುಂಡಿ ಎಳೆದರೂ ಒತ್ತಿದರೂ ಏನೂ ಆಗಲ್ಲ ಅಂತ ಕೇಳಿದ್ದೀರಿ. ಕ್ಯಾನ್ಸಸ್‌ನಲ್ಲಿ ಎರಡು ಗೋಧಿ ಕೊಯ್ಲಿನ ಕಾಲ ನಾನು ಅಂಥದ್ದೇ ಗಾಡಿ ಓಡಿಸಿದ್ದೇನೆ. ಬಹುಶಃ ಗುಂಡಿ ಸರಿಯಾಗೇ ಇದೆ. ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಿಲ್ಲ.

ಟೂ-ಸ್ಪೀಡ್ ಆಕ್ಸಲ್ ಅಂದರೆ ಗೇರ್‌ಬಾಕ್ಸ್ ಅಲ್ಲದೆ ಹಿಂದಿನ ಆಕ್ಸಲ್ ಒಳಗೂ ಎರಡು ಗೇರ್: ಭಾರ ಎಳೆಯಲು ಲೋ, ವೇಗಕ್ಕೆ ಹೈ. ಗುಂಡಿ ಮೇಲಿದ್ದರೆ ಹೈ, ಕೆಳಗಿದ್ದರೆ ಲೋ. ಗುಂಡಿ ಮುಟ್ಟಿದಾಗ ಹಿಂದಿನ ಆಕ್ಸಲ್ ಮೇಲಿರುವ ಪುಟ್ಟ ಎಲೆಕ್ಟ್ರಿಕ್ ಮೋಟರ್ ಒಂದು ಸ್ಪ್ರಿಂಗ್ ಬಿಗಿದು ಕಾಯುತ್ತದೆ, ಅಷ್ಟೇ. ಎಂಜಿನ್ ಎಳೆಯುತ್ತಿರುವಾಗ ಒಳಗಿನ ಹಲ್ಲುಗಳು ಒಂದಕ್ಕೊಂದು ಒತ್ತಿ ಹಿಡಿದಿರುತ್ತವೆ. ಆ ಒತ್ತಡ ಸಡಿಲಾದ ಕ್ಷಣವೇ ಸ್ಪ್ರಿಂಗ್ ಗೇರನ್ನು ಸರಿಸುತ್ತದೆ.

ಲೋನಿಂದ ಹೈಗೆ ಹೋಗಬೇಕಾ? ಆಕ್ಸಿಲರೇಟರ್ ಒತ್ತಿಕೊಂಡೇ ಗುಂಡಿ ಎಳೆಯಿರಿ. ಆಮೇಲೆ ಕಾಲು ಪೂರ್ತಿ ಎತ್ತಿ. ಎಂಜಿನ್ ಸದ್ದು ಇಳಿಯುತ್ತದೆ, ಹಿಂದಿನಿಂದ ‘ಟಕ್’ ಅನ್ನುತ್ತದೆ, ಆಗ ಮತ್ತೆ ಒತ್ತಿ. ಎರಡರ ನಡುವೆ ಸಾಮಾನ್ಯವಾಗಿ ಸುಮಾರು 1.37 ಪಟ್ಟು ವ್ಯತ್ಯಾಸ. ಅಂದರೆ ಲೋನಲ್ಲಿ ಎಂಜಿನ್ 2600 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇದ್ದರೆ ಅದೇ ವೇಗಕ್ಕೆ ಹೈನಲ್ಲಿ 1900 ಸಾಕು. ಇಷ್ಟು ಇಳಿಯಲು ಎಂಜಿನ್‌ಗೆ ಸಮಯ ಕೊಡಿ.

ಹೈನಿಂದ ಲೋಗೆ ಬರುವಾಗ ಎಂಜಿನ್ ಏರಬೇಕು. ಅದಕ್ಕೆ ಆಕ್ಸಿಲರೇಟರ್ ಒತ್ತಿಕೊಂಡೇ ಗುಂಡಿ ಕೆಳಗೆ ತಳ್ಳಿ, ಕ್ಲಚ್ ಪಟ್ಟನೆ ಒತ್ತಿ ಬಿಡಿ. ಏರು ಶುರುವಾಗಿ ಎಂಜಿನ್ ಸೋಲುವ ಮೊದಲೇ ಇದನ್ನು ಮುಗಿಸಿ.

ಎರಡನೇ ಗೇರ್‌ನ ಹೈನಿಂದ ಮೂರನೇ ಗೇರ್‌ನ ಲೋಗೆ ಹೋಗುವಾಗ ಗೇರ್‌ಬಾಕ್ಸ್, ಆಕ್ಸಲ್ ಎರಡೂ ಒಟ್ಟಿಗೆ ಬದಲಾಗಬೇಕು. ಮೊದಲು ಗುಂಡಿ ಕೆಳಗೆ, ತಕ್ಷಣ ಕ್ಲಚ್, ಆಮೇಲೆ ರಾಡ್. ಖಾಲಿ ಗಾಡಿಗೆ ಇದರ ಅಗತ್ಯವೇ ಇಲ್ಲ, ಸುಮ್ನೆ ಹೈನಲ್ಲೇ ಓಡಿಸಿ.

ಇನ್ನೊಂದು ಮಾತು ದಯವಿಟ್ಟು ಮರೆಯಬೇಡಿ. ಇಳಿಜಾರಿನಲ್ಲಿ ಆಕ್ಸಲ್ ಬದಲಿಸಬೇಡಿ. ನಾನೊಮ್ಮೆ ಗೋಧಿ ತುಂಬಿದ ಗಾಡಿಯನ್ನು ಇಳಿಸುತ್ತಾ ಲೋಗೆ ತಳ್ಳಿದೆ. ಹೈ ಬಿಟ್ಟಿತು, ಲೋ ಹಿಡಿಯಲಿಲ್ಲ. ಎಂಜಿನ್ ತಡೆ ಒಂದು ಚೂರೂ ಇಲ್ಲದೆ ಗಾಡಿ ಜಾರತೊಡಗಿತು. ಬ್ರೇಕ್ ಸುಟ್ಟ ವಾಸನೆ ಕ್ಯಾಬಿನ್ ಒಳಗೇ ಬಂತು. ಇಳಿಜಾರಿನ ತಲೆಯಲ್ಲೇ ಗೇರ್ ಗಟ್ಟಿ ಮಾಡಿಕೊಂಡು ಇಳಿಯಿರಿ.

ಇಷ್ಟು ಮಾಡಿದರೂ ಬದಲಾಗದಿದ್ದರೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ. ಎಂಜಿನ್ ಬೇಡ, ಕೀ ಮಾತ್ರ ಆನ್ ಮಾಡಿ. ಒಬ್ಬರು ಗುಂಡಿ ಒತ್ತಿ ಎಳೆಯಲಿ, ನೀವು ಹಿಂದೆ ನಿಂತು ಕೇಳಿ. ಮೋಟರ್ ‘ಗುಂಯ್’ ಅನ್ನದಿದ್ದರೆ ಮೊದಲು ಫ್ಯೂಸ್, ಆಮೇಲೆ ಮೋಟರ್‌ವರೆಗಿನ ವೈರ್ ನೋಡಿ.