ಅಜ್ಜನ ಹಳದಿ ಮೈ ಬಗ್ಗೆ ನೀವು ಬರೆದಿದ್ದು ಒಂದೇ ಸಾಲು

ನಮಸ್ಕಾರ. ನಿಮ್ಮ ಅಜ್ಜನ ಯುದ್ಧಕಾಲದ ಬಗ್ಗೆ ನೀವು ಪ್ರಕಟಣೆಗೆ ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇದರೊಳಗೆ ನಿಜಕ್ಕೂ ಒಳ್ಳೆಯ ಬರಹ ಇದೆ, ಅದು ಹನ್ನೊಂದನೇ ಪುಟದಲ್ಲಿ ಮುದುಡಿಕೊಂಡು ಕೂತಿದೆ.

ಜಗಳೂರು ಕಡೆಯ ನಿಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಸೇನಾ ಆಸ್ಪತ್ರೆಯಲ್ಲಿ ನರ್ಸಿಂಗ್ ಸಿಪಾಯಿ ಆಗಿದ್ದರು. ಬೆಂಗಳೂರಿನ ಜಾಲಹಳ್ಳಿ ಆಸ್ಪತ್ರೆಯಲ್ಲೇ ಕೊನೆವರೆಗೂ ಇದ್ದರು ಅಂತ ಮನೆಯವರು ಹೇಳುತ್ತಾರೆ. ಜಾಲಹಳ್ಳಿ ಅಂದರೆ ಈಗ ವಾಯುಪಡೆ ನೆನಪಾಗುತ್ತದೆ. ಯುದ್ಧಕಾಲದಲ್ಲಿ ಅಲ್ಲಿ ಒಂದು ಆಸ್ಪತ್ರೆಯ ಊರೇ ಎದ್ದಿತ್ತು ಅನ್ನುವುದು ಬೆಂಗಳೂರಿನ ಎಷ್ಟೋ ಜನಕ್ಕೇ ಗೊತ್ತಿಲ್ಲ. ವಿಷಯ ಹೊಸದು, ನಿಮ್ಮ ಮನೆಯದು. ಅಂಥದ್ದು ಕೈಯಲ್ಲಿರುವಾಗ ಮೊದಲ ಆರು ಪುಟ ಹಿಟ್ಲರ್, ಪೋಲೆಂಡ್, ಪರ್ಲ್ ಹಾರ್ಬರ್ ಯಾಕೆ? ಅಷ್ಟೂ ತೆಗೆಯಿರಿ.

ಆಮೇಲೆ ಆ ಗುಂಡಿನ ಸುರಿಮಳೆಯ ದೃಶ್ಯ. ಅಜ್ಜ ಗಾಯಗೊಂಡ ಅಧಿಕಾರಿಯನ್ನು ಹೆಗಲ ಮೇಲೆ ಹೊತ್ತು ಓಡುತ್ತಾರೆ. ಇದನ್ನು ನಿಮಗೆ ಯಾರು ಹೇಳಿದರು? ಯಾರೂ ಹೇಳಿಲ್ಲ ಅಂತ ಓದುವಾಗಲೇ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ಅಜ್ಜ ಮಾತಾಡುವ ಕನ್ನಡ ಜಗಳೂರಿನದಲ್ಲ, ಸಿನಿಮಾದ್ದು. ಬೆಡ್‌ಪ್ಯಾನ್ ತೊಳೆದು, ಸಿರಿಂಜು ಕುದಿಸಿ, ರಾತ್ರಿಯಿಡೀ ಜ್ವರದವರ ಪಕ್ಕ ಕೂತ ಮನುಷ್ಯ ಅವರು. ಅದು ಸಣ್ಣ ಕೆಲಸ ಅಂತ ನಿಮಗೆ ಅನ್ನಿಸಿದೆ, ಅದಕ್ಕೇ ಗುಂಡು ಹಾರಿಸಿದ್ದೀರಿ. 1943ರಲ್ಲಿ ಬರ್ಮಾ ಗಡಿಯಿಂದ ಗಾಯಗೊಂಡ ಒಬ್ಬನನ್ನು ಸಾಗಿಸಿದರೆ, ಕಾಯಿಲೆ ಬಿದ್ದ 120 ಜನರನ್ನು ಸಾಗಿಸಬೇಕಾಗುತ್ತಿತ್ತು ಅಂತ ಅಲ್ಲಿನ ಸೇನಾನಾಯಕ ಸ್ಲಿಮ್ ಬರೆದಿದ್ದಾರೆ. ಮಲೇರಿಯಾ, ಆಮಶಂಕೆ. ಆ 120 ಜನರನ್ನು ನೋಡಿಕೊಂಡವರು ನಿಮ್ಮ ಅಜ್ಜನಂಥವರು.

ಕೆಲವು ತಪ್ಪು ತಿದ್ದಲೇಬೇಕು. 1942ರಲ್ಲಿ 'ದಾವಣಗೆರೆ ಜಿಲ್ಲೆಯ ಜಗಳೂರು' ಇರಲಿಲ್ಲ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಆಗ ಅದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ, ಇಂಗ್ಲಿಷ್ ಕಾಗದದಲ್ಲಿ ಚಿತಲ್‌ದ್ರುಗ್. ಇದು ಬರೀ ಪಂಡಿತರ ತಕರಾರು ಅಂದುಕೊಳ್ಳಬೇಡಿ. ಹಳೆಯ ದಾಖಲೆಯಲ್ಲಿ ಹುಡುಕುವಾಗ ದಾವಣಗೆರೆ ಅಂತ ಕೊಟ್ಟರೆ ನಿಮ್ಮ ಅಜ್ಜ ಸಿಗುವುದೇ ಇಲ್ಲ. ಪಕ್ಕದ ಹರಪನಹಳ್ಳಿಯವರಾಗಿದ್ದರೆ ಇನ್ನೂ ಬೇರೆ ಕಥೆ, ಅದು ಆಗ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಇನ್ನೊಂದು, ಅಜ್ಜ 1942ರಲ್ಲಿ 'ಇಂಡಿಯನ್ ಆರ್ಮಿ ಮೆಡಿಕಲ್ ಕೋರ್' ಸೇರಿದರು ಅಂತ ಬರೆದಿದ್ದೀರಿ. ಸೇನೆಯ ಆ ವೈದ್ಯಕೀಯ ದಳ ಹುಟ್ಟಿದ್ದೇ 1943ರ ಏಪ್ರಿಲ್ 3ರಂದು. ಅದಕ್ಕೂ ಮೊದಲು ಸೇರಿದ್ದರೆ ಅದು ಇಂಡಿಯನ್ ಹಾಸ್ಪಿಟಲ್ ಕೋರ್. ನೀವೇ ಕಳಿಸಿದ ಟ್ರಂಕಿನ ಫೋಟೊ ದೊಡ್ಡದು ಮಾಡಿ ನೋಡಿದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರು, ಪಕ್ಕದಲ್ಲಿ ಐಎಎಂಸಿ ಅಂತ, ಅಂದರೆ ಅದೇ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಅಂತ, ಮಸುಕಾಗಿ ಇದೆ. ಅಂದರೆ ಆ ಬಣ್ಣ ಬಳಿದಿದ್ದು 1943ರ ಏಪ್ರಿಲ್ ಆದಮೇಲೆ. ಲೇಖನದಲ್ಲಿ ನೀವು ಅದನ್ನು 'ಒಂದು ಹಳೆಯ ಟ್ರಂಕು' ಅಂದು ಮುಂದೆ ಹೋಗಿಬಿಟ್ಟಿದ್ದೀರಿ!

ಈಗ ಹನ್ನೊಂದನೇ ಪುಟ. 'ಅಜ್ಜ ರಜೆಗೆ ಬಂದಾಗ ಮೈ ಹಳದಿಯಾಗಿತ್ತು, ಕಾಮಾಲೆ ಅಂತ ನೆಲನೆಲ್ಲಿ ಅರೆದು ಕುಡಿಸಿದರು ಎಂದು ದೊಡ್ಡತ್ತೆ ಹೇಳುತ್ತಾರೆ.' ಅಷ್ಟೇ. ಇದನ್ನು ಓದಿ ನಾನು ಚಹಾ ಲೋಟ ಕೆಳಗಿಟ್ಟೆ.

ಆಗ ಮಲೇರಿಯಾಕ್ಕೆ ಕೊಡುತ್ತಿದ್ದ ಔಷಧ ಕ್ವಿನೈನ್. ಜಗತ್ತಿನ ಹೆಚ್ಚಿನ ಕ್ವಿನೈನ್ ಜಾವಾದಿಂದ ಬರುತ್ತಿತ್ತು. 1942ರಲ್ಲಿ ಜಾವಾ ಜಪಾನಿನ ಕೈಗೆ ಹೋಯಿತು. ಹಾಗಾಗಿ ಮಲೇರಿಯಾ ಇದ್ದ ಕಡೆ ಸೈನಿಕರಿಗೆ ಮೆಪಾಕ್ರಿನ್ ಅನ್ನುವ ಕಹಿ ಮಾತ್ರೆ ನುಂಗಿಸಲು ಶುರು ಮಾಡಿದರು. ದಿನಾ ನುಂಗಿದರೆ ಮೈ ಹಳದಿಯಾಗುತ್ತಿತ್ತು. ಗಂಡಸುತನ ಹೋಗುತ್ತದೆ ಅಂತ ಗಾಳಿಸುದ್ದಿ ಹಬ್ಬಿ, ನುಂಗಿದ್ದಾರಾ ಅಂತ ಸಾಲಿನಲ್ಲಿ ನಿಲ್ಲಿಸಿ ನೋಡಬೇಕಾಗಿತ್ತು. ಈಗ ಹೇಳಿ, ಬೆಂಗಳೂರಲ್ಲೇ ಇದ್ದವರ ಮೈ ಅಷ್ಟು ಹಳದಿ ಯಾಕಾಯಿತು? ಅಜ್ಜ ಅಸ್ಸಾಂ, ಮಣಿಪುರದ ಕಡೆ ಹೋಗಿ ಬಂದಿರಬಹುದು, ಅಲ್ವಾ? ನಿಜವಾದ ಕಾಮಾಲೆಯೂ ಇರಬಹುದು. ತಿಳಿಯಲು ಒಂದು ದಾರಿ ಇದೆ. ದೊಡ್ಡತ್ತೆಯನ್ನು ಕೇಳಿ: ಕಣ್ಣಿನ ಬಿಳಿಯೂ ಹಳದಿಯಾಗಿತ್ತಾ? ಕಾಮಾಲೆಯಲ್ಲಿ ಕಣ್ಣು ಹಳದಿಯಾಗುತ್ತದೆ. ಮೆಪಾಕ್ರಿನ್‌ನಿಂದ ಮೈ ಹಳದಿಯಾದರೂ ಕಣ್ಣು ಸಾಮಾನ್ಯವಾಗಿ ಬೆಳ್ಳಗೇ ಇರುತ್ತದೆ. ಅವರಿಗೆ ಆಗ ಏಳು ವರ್ಷ. ಏಳು ವರ್ಷದ ಹುಡುಗಿ ಅಪ್ಪನ ಮುಖ ಮರೆತಿರುವುದಿಲ್ಲ.

ಕಾಗದದ ಹುಡುಕಾಟಕ್ಕೆ ಟ್ರಂಕಿನ ನಂಬರೇ ಬೀಗದ ಕೈ. ಹಗಲು ಬೆಳಕಲ್ಲಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಮತ್ತೆ ಫೋಟೊ ತೆಗೆಯಿರಿ. ಉಜ್ಜಬೇಡಿ, ಬಣ್ಣ ಹೋಗುತ್ತದೆ. ಪದಕ ಇದ್ದರೆ ಅಂಚನ್ನೂ ನೋಡಿ. ಆ ನಂಬರು, ಅಜ್ಜನ ಹೆಸರು, ಅವರ ತಂದೆ ಹೆಸರು, ಊರು, ಜಿಲ್ಲೆ ಚಿತಲ್‌ದ್ರುಗ್ ಅಂತ ಹಾಕಿ ಲಕ್ನೋದಲ್ಲಿರುವ ಆರ್ಮಿ ಮೆಡಿಕಲ್ ಕೋರ್ ದಾಖಲೆ ಕಚೇರಿಗೆ ಬರೆಯಿರಿ. ಉತ್ತರ ಬೇಗ ಬರಲಿಲ್ಲ ಅಂತ ಸುಮ್ನೆ ಕೂರಬೇಡಿ, ಮತ್ತೆ ಬರೆಯಿರಿ. ಆಸ್ಪತ್ರೆಯ ನಂಬರು ಸಿಕ್ಕರೆ ಲಂಡನ್ನಿನ ಕ್ಯೂ ಎಂಬ ಜಾಗದಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಯುದ್ಧಕಾಲದ ವೈದ್ಯಕೀಯ ಘಟಕಗಳ ದಿನಚರಿಗಳಿವೆ, ಡಬ್ಲ್ಯೂಒ 177 ಅನ್ನುವ ಕಡತಗಳ ಸರಣಿಯಲ್ಲಿ. ಅದರಲ್ಲಿ ಅಜ್ಜನ ಹೆಸರು ಇರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಸಿಪಾಯಿಗಳ ಹೆಸರು ಅಲ್ಲಿ ಬರುವುದು ಅಪರೂಪ. ಆದರೆ ಆಸ್ಪತ್ರೆ ಯಾವ ತಿಂಗಳು ಎಲ್ಲಿತ್ತು, ಎಷ್ಟು ರೋಗಿಗಳು ಬಂದರು ಅನ್ನುವಂಥದ್ದು ಸಿಗಬಹುದು. ಅಜ್ಜ ಆ ಸಾಲುಗಳ ನಡುವೆ ಎಲ್ಲೋ ನಿಂತಿರುತ್ತಾರೆ.

ಇದೆಲ್ಲ ಆಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ದೊಡ್ಡತ್ತೆಗೆ ಈಗಾಗಲೇ ಎಂಬತ್ತು ದಾಟಿದೆ. ಆದ್ದರಿಂದ ಲಕ್ನೋಗೆ ಪತ್ರ ಆಮೇಲೆ. ಈ ಭಾನುವಾರವೇ ಜಗಳೂರಿಗೆ ಹೋಗಿ, ಫೋನಿನಲ್ಲಿ ರೆಕಾರ್ಡ್ ಹಾಕಿಕೊಂಡು ಅವರ ಪಕ್ಕ ಕೂತುಕೊಳ್ಳಿ. ಮೊದಲು ಕಣ್ಣಿನ ಬಗ್ಗೆ ಕೇಳಿ. ಆಮೇಲೆ ನೆಲನೆಲ್ಲಿ ಅರೆದವರು ಯಾರು, ಅಜ್ಜ ಅದನ್ನು ಕುಡಿದರಾ, ಕುಡಿಯುವಾಗ ಏನು ಅಂದರು ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನನಗೆ ಕಳಿಸಿ. ಎರಡೇ ಪುಟ ಆದರೂ ಸಾಕು, ಕಾಯುತ್ತಿರುತ್ತೇನೆ.